ಹೊಸಿಲಾಚೆಯ ಕೇಬಲ್ಲು

ಸಾಂಬ್ರಾಣಿ ಹೊಗೆ ಮೂಗಿಗೆ ಬಡಿದರೆ ಜನಕ್ಕೆ ದೇವರು ನೆನಪಾಗುತ್ತಾನಂತೆ. ನನಗೆ ಗುರುರಾಜ ನೆನಪಾಗುತ್ತಾನೆ. ಮೊನ್ನೆ ಮೈಲಾಪುರದಲ್ಲಿ ಒಂದು ಉಪನಯನಕ್ಕೆ ಹೋಗಿದ್ದೆ. ಹೋಮ ಮುಗಿದ ಮೇಲೆ ಯಾರೋ ಕೆಂಡದ ಮೇಲೆ ಧೂಪ ಹಾಕಿದರು. ಬೆಸುಗೆ ಹಾಕುವಾಗ ಕಾದ ಕಡ್ಡಿಯ ತುದಿಯಲ್ಲಿ ರಾಳ ಸುಟ್ಟು ಏಳುವ ಹೊಗೆಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಎರಡೂ ಮರದ ಅಂಟೇ ತಾನೆ. ಒಂದೇ ಉಸಿರಿಗೆ ಎರಡು ಸಾವಿರದ ಮೂರರ ಬೇಸಿಗೆ ಪೂರ್ತಿ ವಾಪಸ್ಸು ಬಂತು. ಪಕ್ಕದಲ್ಲಿದ್ದ ಹೆಂಗಸು ನನ್ನ ಮುಖ ನೋಡಿ, "ಮನಸ್ಸಿಗೆ ಎಷ್ಟು ಶಾಂತಿ ಅಲ್ವಾ" ಅಂದರು. ಹೌದು ಅಂದೆ. ಸೇಡು ತೀರಿದವರ ಮುಖವೂ ಹೊರಗಿನವರಿಗೆ ಹಾಗೇ ಕಾಣುತ್ತೇನೋ.

ಆ ವರ್ಷ ನಾನು ಎಲೆಕ್ಟ್ರಾನಿಕ್ಸ್ ಮೂರನೇ ವರ್ಷದಲ್ಲಿದ್ದೆ. ಕಾಲೇಜಿನ ಚರ್ಚಾ ತಂಡದಲ್ಲಿ ಎರಡನೇ ಭಾಷಣಕಾರ್ತಿ, ಅಂದರೆ ಎದುರಾಳಿ ಹೇಳಿದ್ದನ್ನು ಮೂಳೆ ಮೂಳೆಯಾಗಿ ಬಿಡಿಸಿಡುವವಳು. ತಾತನ ಕಾಲಕ್ಕೇ ಮದರಾಸಿಗೆ ಬಂದ ಮನೆ ನಮ್ಮದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಜಗಳದಲ್ಲಿ ಎರಡೂ. ಓಣಿಯ ಕೊನೆಯಲ್ಲಿ ನಮ್ಮವರದೇ ಒಂದು ಚಿಕ್ಕ ಭಜನಾ ಮಂದಿರವಿತ್ತು. ಒಳಗೆ ಗರ್ಭಗುಡಿ, ಅದರ ಮುಂದೆ ಮಡಿಯುಟ್ಟವರು ಮಾತ್ರ ಕಾಲಿಡುವ ಒಂದು ಅಂಕಣ, ಹೊಸಿಲು, ಹೊಸಿಲಾಚೆ ಎಲ್ಲರೂ ಕೂರುವ ಪಡಸಾಲೆ. ಅಜ್ಜಿ ಆಸ್ತಿಕಳು, ನಾನು ಅಲ್ಲ. ಅವಳನ್ನು ಕರಕೊಂಡು ಹೋಗಿ ಕರಕೊಂಡು ಬರುವುದಷ್ಟೇ ನನ್ನ ಭಕ್ತಿ.

ಮಂದಿರದಲ್ಲಿ ತಿಂಗಳಿಗೆರಡು ಸಲ ಒಂದು ಜಗಳ ತಪ್ಪದೆ ನಡೆಯುತ್ತಿತ್ತು. ಏಕಾದಶಿ ದಿನ ನೀರೂ ಕುಡಿಯದೆ ಉಪವಾಸ ಇದ್ದವರು ಮರುದಿನ ದ್ವಾದಶಿಯಲ್ಲಿ ಇಂತಿಷ್ಟು ಗಂಟೆಯೊಳಗೆ ಊಟ ಮಾಡಿ ಉಪವಾಸ ಮುರಿಯಬೇಕು. ಅದು ಪಾರಣೆ. ಆ ಗಡಿ ದಾಟಿದರೆ ಉಪವಾಸ ಕೆಟ್ಟ ಹಾಗೆ. ಆದರೆ ನಮ್ಮವರಲ್ಲಿ ಎರಡು ಪಂಚಾಂಗ, ಎರಡರಲ್ಲೂ ಬೇರೆ ಬೇರೆ ಸಮಯ. ಆಚಾರ್ರು ಸೀಮೆಸುಣ್ಣದಲ್ಲಿ ಒಂದು ಸಮಯ ಬರೆದರೆ ಇನ್ನೊಂದು ಪಂಗಡದವರು ಬಂದು ಅಳಿಸೋರು. ಕೊನೆಗೆ ಕಾರ್ಯದರ್ಶಿ ಶೇಷಗಿರಿ ಮಾಮ ತೀರ್ಪು ಕೊಟ್ಟರು: ಯಾರೂ ಅಳಿಸಲಾಗದ ಒಂದು ಎಲೆಕ್ಟ್ರಿಕ್ ಬೋರ್ಡು ಗರ್ಭಗುಡಿ ಬಾಗಿಲ ಮೇಲೆ ಬರಲಿ, ಒಂದೇ ಪಂಚಾಂಗದ ಸಮಯ ಅದರಲ್ಲಿರಲಿ, ಬೋರ್ಡು ಹೇಳಿದ್ದೇ ಪಾರಣೆ.

ನಾನು ಮಾಡಿಕೊಡುತ್ತೇನೆ ಅಂದೆ. ನಂಬಿಕೆ ಇಲ್ಲದವಳಿಗೆ ಇದೇಕೆ ಅಂದರೆ, ನನಗೆ ಬೇಕಾಗಿದ್ದದ್ದು ಪುಣ್ಯ ಅಲ್ಲ, ಗೋಡೆ. ನಾನು ಮಾಡಿದ ಒಂದು ವಸ್ತು ದಿನವೂ ಜನ ನೋಡುವ ಗೋಡೆಯ ಮೇಲೆ ಉರೀಬೇಕು, ಕೆಳಗೆ ನನ್ನ ಹೆಸರಿರಬೇಕು. ಅಷ್ಟೇ. ಅದನ್ನು ದುರಾಸೆ ಅನ್ನುವವರು ಮಂದಿರದ ಫ್ಯಾನಿನ ರೆಕ್ಕೆಗಳನ್ನ ಒಮ್ಮೆ ನೋಡಲಿ. ಒಂದೊಂದು ರೆಕ್ಕೆಯ ಮೇಲೂ ದಾನ ಕೊಟ್ಟವರ ಹೆಸರು ಸುತ್ತುತ್ತಿರುತ್ತೆ.

ಏಪ್ರಿಲಿನಲ್ಲಿ ಕೆಲಸ ಶುರು. ಆ ವರ್ಷ ಮಳೆ ಕೈಕೊಟ್ಟು ಊರಿಗೆ ಊರೇ ಬಣ್ಣದ ಪ್ಲಾಸ್ಟಿಕ್ ಕೊಡ ಹಿಡಿದು ತಣ್ಣೀರ್ ಲಾರಿಗೆ ಕಾಯುತ್ತಿತ್ತು. ನಾನು ಲಾರಿಯ ಸರದಿಯಲ್ಲಿ ಕೊಡ ಇಟ್ಟು, ಅದರ ಪಕ್ಕದಲ್ಲೇ ಕೂತು ಪ್ರೋಗ್ರಾಂ ಬರೆಯುತ್ತಿದ್ದೆ. ಮಧ್ಯಾಹ್ನ ಫ್ಯಾನ್ ಆರಿಸಿ ಬೆಸುಗೆ. ಗಾಳಿ ಬಂದರೆ ಕಡ್ಡಿ ಆರುತ್ತೆ. ಬೆವರು ಗಲ್ಲದಿಂದ ಬೋರ್ಡಿನ ಮೇಲೆ ಬೀಳದ ಹಾಗೆ ಹಣೆಗೆ ಟವೆಲ್ ಕಟ್ಟಿಕೊಳ್ಳುತ್ತಿದ್ದೆ. ಅಜ್ಜಿ ನೋಡಿ, "ಏನ್ಡೀ ಇದು ವೇಷ, ಮೂಟೆ ಹೊರೋಳ ಹಾಗೆ" ಅನ್ನೋಳು. ಒಂದೊಂದು ಅಂಕಿಯೂ ಏಳು ಕೆಂಪು ಪಟ್ಟಿಗಳಿಂದ ಆದದ್ದು. ಏಳೂ ಹೊತ್ತಿದರೆ ಎಂಟು. ಕೆಲವು ಆರಿದರೆ ಉಳಿದ ಅಂಕಿಗಳು. ಮೇಲಿನ ಸಾಲಿನಲ್ಲಿ ಈಗಿನ ಸಮಯ, ಕೆಳಗಿನ ಸಾಲಿನಲ್ಲಿ ಪಾರಣೆ. ಇದನ್ನೆಲ್ಲ ನಡೆಸುವ ತಲೆ ಒಂದು ಮೈಕ್ರೋಕಂಟ್ರೋಲರ್ ಚಿಪ್ಪು. ಪಂಚಾಂಗದ ಸಮಯಗಳನ್ನು ಅದರ ನೆನಪಿನೊಳಗೆ ತುಂಬಬೇಕು. ಪ್ರತಿ ವರ್ಷ, ಹೊಸ ಪಂಚಾಂಗ ಬಂದಾಗ, ಮತ್ತೆ ತುಂಬಬೇಕು.

ಪ್ರಶ್ನೆ ಇದ್ದದ್ದು ಅಲ್ಲೇ: ಯಾವುದರಿಂದ ತುಂಬೋದು?

ಒಂದು ದಾರಿ, ಚಿಪ್ಪನ್ನು ಕಿತ್ತು ತಂದು, ಸನ್ನೆಗೋಲಿರುವ ಸಾಕೆಟ್ಟಿನ ಬರ್ನರ್ ಪೆಟ್ಟಿಗೆಯಲ್ಲಿಟ್ಟು, ಪ್ರೋಗ್ರಾಂ ತುಂಬಿ, ವಾಪಸ್ಸು ಸಿಕ್ಕಿಸೋದು. ಕಾಲೇಜು ಲ್ಯಾಬುಗಳಲ್ಲೆಲ್ಲ ಇದೇ. ಇನ್ನೊಂದು, ಚಿಪ್ಪನ್ನು ಕೂತ ಜಾಗದಲ್ಲೇ ಬಿಟ್ಟು, ಕೆಲವೇ ತಂತಿಗಳಲ್ಲಿ ಪ್ರೋಗ್ರಾಂ ಕಳಿಸೋದು. ಇದು ಇನ್-ಸರ್ಕ್ಯೂಟ್ ಪ್ರೋಗ್ರಾಮರ್. ಆಗ ಹವ್ಯಾಸಿಗಳ ನಡುವೆ ಹೊಸ ಹುಚ್ಚು. ಇಂಟರ್ನೆಟ್ ಸೆಂಟರಿನಲ್ಲಿ ಕೂತರೆ ಪುಟಗಟ್ಟಲೆ ಜಗಳ. ಯಾವುದು ಅಗ್ಗ, ಯಾವುದು ವೇಗ, ಯಾವುದಕ್ಕೆ ಕಡಿಮೆ ಬಿಡಿಭಾಗ ಸಾಕು. ನನಗೆ ಬೇಕಾಗಿದ್ದ ಪ್ರಶ್ನೆಯನ್ನು ಮಾತ್ರ ಒಬ್ಬನೂ ಕೇಳಿರಲಿಲ್ಲ: ಆ ಚಿಪ್ಪನ್ನು ಯಾರು ಮುಟ್ಟಬಹುದು? ಬೋರ್ಡು ಕೂರುವುದು ಹೊಸಿಲಿನ ಒಳಗೆ. ಚಿಪ್ಪು ಕೀಳಬೇಕಾದರೆ ಮಡಿಯುಟ್ಟು ಏಣಿ ಹತ್ತಬಲ್ಲ ಗಂಡಸೇ ಆಗಬೇಕು. ಕೇಬಲ್ಲು ಹೊರಗೆ ಬಂದರೆ ಪಡಸಾಲೆಯಲ್ಲಿ ಕೂತ ಯಾರಾದರೂ ಸಾಕು. ಅಂದರೆ ಪ್ರೋಗ್ರಾಮರನ್ನು ಆರಿಸುವುದು ಅಂದರೆ ಬೋರ್ಡು ಯಾರದ್ದು ಅಂತ ಆರಿಸುವುದೇ.

ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಸಂತೆಯಾದ ರಿಚ್ಚಿ ಸ್ಟ್ರೀಟಿಗೆ ಹೋದೆ. ಸಂದಿಯಂಥ ಅಂಗಡಿಯಲ್ಲಿ ಒಬ್ಬ ದಪ್ಪ ಮನುಷ್ಯ, ಬನೀನಿನಲ್ಲಿ.

"ಎನ್ನಮ್ಮಾ, ತಂಬಿಕ್ಕಾ?" ಅಂದ, ತಮ್ಮನಿಗಾ ಅಂತ.

"ತಂಬಿ ಇಲ್ಲ. ನನಗೇ."

"ಲೇಡೀಸ್‌ಗೆ ರೆಡಿಮೇಡ್ ಪ್ರಾಜೆಕ್ಟ್ ಇದೆ, ರಿಪೋರ್ಟೂ ಸೇರಿಸಿ ಕೊಡ್ತೀನಿ. ಫೈರ್ ಅಲಾರಂ."

"ಅಂಗಡಿಗೆ ಬೆಂಕಿ ಬಿದ್ದಾಗ ಬೇಕಾಗತ್ತೆ, ನೀವೇ ಇಟ್ಕೊಳ್ಳಿ."

ಅವನಿಗೆ ಕೋಪ ಬರಲಿಲ್ಲ, ನಕ್ಕ. ಸೀರಿಯಲ್ ಪೋರ್ಟಿಗೆ ಹಾಕುವ ಬೆರಳಷ್ಟುದ್ದದ ಒಂದು ಪ್ರೋಗ್ರಾಮರ್ ತೆಗೆದ. ಗ್ಯಾರಂಟಿ ಎಷ್ಟು ಅಂದೆ. "ಈ ಮೆಟ್ಟಿಲು ಇಳಿಯೋವರೆಗೂ" ಅಂದ. ಮಾತಿಗೆ ತಪ್ಪಲಿಲ್ಲ. ಅದು ಕಂಪ್ಯೂಟರಿನ ಪೋರ್ಟಿನಿಂದಲೇ ಕರೆಂಟು ಕದ್ದು ಬದುಕುವ ಜಾತಿ. ಅಪ್ಪನ ಆಫೀಸಿನವರು ಬಿಸಾಕಿದ್ದ ನಮ್ಮ ಹಳೇ ಡಬ್ಬದಲ್ಲಿ ಒಮ್ಮೆ ನಡೆದರೆ ಎರಡು ಸಲ ಮುನಿಸಿಕೊಳ್ಳುತ್ತಿತ್ತು. ಗೆಳತಿಯ ಅಣ್ಣನ ಲ್ಯಾಪ್‌ಟಾಪಿನಲ್ಲಿ ಉಸಿರೇ ಬಿಡಲಿಲ್ಲ. ಲ್ಯಾಪ್‌ಟಾಪಿನ ಪೋರ್ಟಿನಲ್ಲಿ ಕದಿಯುವಷ್ಟು ಕರೆಂಟು ಇರುವುದಿಲ್ಲ.

ಆಮೇಲೆ ಪ್ರಿಂಟರ್ ಪೋರ್ಟಿಗೆ ನಾನೇ ಮಾಡಿದ ಬರಿ ಕೇಬಲ್ಲು: ತಂತಿ, ಒಂದೆರಡು ರೆಸಿಸ್ಟರ್, ಮುಗೀತು. ಮೇಜಿನ ಮೇಲೆ ಚಂದ ಕೆಲಸ ಮಾಡಿತು. ಆದರೆ ನನಗೆ ಬೇಕಾಗಿದ್ದ ಉದ್ದಕ್ಕೆ, ಅಂದರೆ ಗರ್ಭಗುಡಿ ಬಾಗಿಲಿಂದ ಪಡಸಾಲೆವರೆಗೆ, ತಂತಿ ಎಳೆದ ಕೂಡಲೆ ತಲೆಕೆಟ್ಟವರ ಹಾಗೆ ತೊದಲೋಕೆ ಹತ್ತಿತು. ಒಂದು ಕಳಿಸಿದರೆ ಇನ್ನೊಂದು ತಲುಪುತ್ತಿತ್ತು. ಕೊನೆಗೆ ಬೋರ್ಡಿನ ಕಡೆ ಒಂದು ಬಫರ್ ಚಿಪ್ಪು ಸೇರಿಸಿದೆ, ದಾರಿಯಲ್ಲಿ ಸೊರಗಿದ ಸಿಗ್ನಲ್ಲನ್ನು ನೆಟ್ಟಗೆ ನಿಲ್ಲಿಸಿ ಮುಂದೆ ಕಳಿಸುವಂಥದ್ದು. ವೇಗ ಇಳಿಸಿದೆ. ನೋಡೋಕೆ ಕುರೂಪ, ನಡಿಗೆ ಆಮೆ. ಆದರೆ ಕಳಿಸಿದ್ದು ಕಳಿಸಿದ ಹಾಗೇ ತಲುಪಿತು, ಒಳಗಿದ್ದದ್ದನ್ನು ಓದಿ ಹೇಳು ಅಂದರೆ ಓದಿಯೂ ಹೇಳಿತು. ಆರಿಸಿದ್ದು ಅದನ್ನೇ.

ಮೇ ತಿಂಗಳು ಸಮಿತಿಯ ಸಭೆ. ಸುಡು ಬಿಸಿಲಲ್ಲಿ ನಡೆದು ಬೋರ್ಡು ತಂದು ಪಡಸಾಲೆಯಲ್ಲಿ ಹಚ್ಚಿ ತೋರಿಸಿದೆ. ಎಲ್ಲರಿಗೂ ಸಂತೋಷ. ಅಷ್ಟರಲ್ಲಿ ಶೇಷಗಿರಿ ಮಾಮನ ಮಗ ಗುರುರಾಜ ಎದ್ದ. ಕೊನೇ ವರ್ಷದ ಬಿ.ಇ., ನಮ್ಮ ಓಣಿಯಲ್ಲಿ ಮೊದಲು ಲ್ಯಾಪ್‌ಟಾಪ್ ಕಂಡವನು, ಎಲ್ಲ ತಾಯಂದಿರೂ ತಮ್ಮ ಮಕ್ಕಳಿಗೆ ತೋರಿಸುವ ಬೆರಳಿನ ತುದಿ. "ಈ ಕೇಬಲ್ ಗೀಬಲ್ ಎಲ್ಲ ಹವ್ಯಾಸಕ್ಕೆ ಸರಿ ವೈಜೂ. ಸ್ಟ್ಯಾಂಡರ್ಡ್ ಆಗಿ ಹೋಗೋಣ. ಸಾಕೆಟ್ಟಿಂದ ಚಿಪ್ ತೆಗೆದು ಬರ್ನರಲ್ಲಿ ಹಾಕೋದು. ನಮ್ಮ ಲ್ಯಾಬಲ್ಲಿ ಹಾಗೇ."

"ನಿಮ್ಮ ಲ್ಯಾಬಲ್ಲಿ ಗರ್ಭಗುಡಿ ಇದೆಯಾ?" ಅಂದೆ. "ಅಲ್ಲಿ ಏಣಿ ಹತ್ತಿ ಯಾರು ಕೀಳ್ತಾರೆ?"

"ನಾನು ಸ್ನಾನ ಮಾಡ್ತೀನಿ, ಮಡಿ ಉಡ್ತೀನಿ, ಹತ್ತುತೀನಿ, ತರ್ತೀನಿ. ಸಮಸ್ಯೆ ಎಲ್ಲಿದೆ? ಸಮಸ್ಯೆ ಇರೋದು ನಿನ್ನೊಬ್ಬಳಿಗೆ."

ಜನ ನಕ್ಕರು. ಅಜ್ಜಿಯೂ ನಕ್ಕಳು, ಸೆರಗು ಬಾಯಿಗಿಟ್ಟು. ಆ ಮಾತಿನಲ್ಲಿ ಎಷ್ಟು ತರ್ಕದೋಷ ಅಂತ ನಾನು ಮನಸ್ಸಿನಲ್ಲೇ ವಿಂಗಡಿಸುತ್ತಿರುವಾಗ ಸಭೆ ಮುಗಿದೇ ಹೋಯಿತು. ಚರ್ಚೆಯಲ್ಲಿ ಹೀಗೇ. ನಗು ಎತ್ತ ಹೋಯಿತೋ ತೀರ್ಪು ಅತ್ತ. ಸಮಿತಿ ಹೇಳಿತು, ಚಿಪ್ಪು ಸಾಕೆಟ್ಟಲ್ಲಿರಲಿ, ಗುರುರಾಜ ನೋಡಿಕೊಳ್ಳಲಿ, ಪ್ರೋಗ್ರಾಮಿನ ಫ್ಲಾಪಿ ಅವನಿಗೆ ಕೊಡು. ಕೊಟ್ಟೆ. ಆದರೆ ಬೋರ್ಡಿನಲ್ಲಿ ನಾನು ಬೆಸೆದಿದ್ದ ಕನೆಕ್ಟರ್ ಕೀಳಲಿಲ್ಲ. ಎಲೆಕ್ಟ್ರಿಷಿಯನ್ ಕರೆಂಟಿನ ವಯರನ್ನು ಗೋಡೆಯ ತೂತಿನಿಂದ ಪಡಸಾಲೆಗೆ ತರುವಾಗ ನನ್ನ ಕೇಬಲ್ಲನ್ನೂ ಅದರ ಜೊತೆಗೇ ಕಟ್ಟಿಸಿದೆ. ಅದರ ತುದಿ ಸ್ವಿಚ್‌ಬೋರ್ಡಿನ ಪಕ್ಕ ಸುರುಳಿ ಸುತ್ತಿ ಕೂತಿತು. ಇದೇನು ಅಂತ ಯಾರೂ ಕೇಳಲಿಲ್ಲ.

ಬೋರ್ಡಿನ ಉದ್ಘಾಟನೆ ದಿನ ನಾನು ಹೊರಗಾಗಿದ್ದೆ. ಪಡಸಾಲೆಗೂ ಪ್ರವೇಶವಿಲ್ಲ, ಬೀದಿ ಬದಿಯ ಜಗಲಿಯ ಮೇಲೆ ಚಪ್ಪಲಿಗಳ ಜೊತೆ ಕೂರಿಸಿದರು. ಅಲ್ಲಿಂದಲೇ ಕತ್ತು ಚಾಚಿ ನೋಡಿದೆ. ಪರದೆ ಸರಿಯಿತು, ಕೆಂಪು ಅಂಕಿಗಳು ಹೊತ್ತಿದವು, ನಾನು ಒಂದೊಂದಾಗಿ ಬೆಸೆದ ಅಂಕಿಗಳು. ಅದರ ಕೆಳಗೆ ಕಪ್ಪು ಪಟ್ಟಿ. ಪಟ್ಟಿಯ ಮೇಲೆ, ಆಟೋಗಳ ಹಿಂದೆ ಅಂಟಿಸುತ್ತಾರಲ್ಲ, ಅಂಥ ಹಳದಿ ರೇಡಿಯಂ ಅಕ್ಷರ: "ರಚನೆ: ಚಿ. ಗುರುರಾಜ, ಬಿ.ಇ." ಇನ್ನೂ ಪಾಸಾಗಿರಲಿಲ್ಲ ಅವನು. ಆಮೇಲೆ ಶಾಲು ಹೊದಿಸಿದರು.

ಸಂಜೆ ಶೇಷಗಿರಿ ಮಾಮನನ್ನು ಬೀದಿಯಲ್ಲೇ ತಡೆದು ಕೇಳಿದೆ. ಅವರು ಬೇಜಾರಿಲ್ಲದೆ, ಮಗುವಿಗೆ ಹೇಳುವ ಹಾಗೆ ಹೇಳಿದರು: "ನೀನು ಕಷ್ಟಪಟ್ಟಿದ್ದೀಯಮ್ಮಾ, ಇಲ್ಲ ಅನ್ನಲ್ಲ. ಆದರೆ ಹೆಣ್ಣುಮಕ್ಕಳ ಗೋತ್ರ ನಾಳೆ ಬದಲಾಗತ್ತೆ. ದೇವರ ಬಾಗಿಲ ಮೇಲೆ ಬದಲಾಗದೇ ಇರೋ ಹೆಸರು ಬೇಕು, ನೋಡು."

"ರೇಡಿಯಂ ಸ್ಟಿಕ್ಕರಿಗೆ ಯಾವ ಗೋತ್ರ ಮಾಮ?"

"ಇದೇ. ಈ ನಾಲಿಗೆ ಇರೋದಕ್ಕೇ ನಿನ್ನ ಯಾರೂ ಕರೆಯಲ್ಲ."

ಅವತ್ತು ನಿರ್ಧಾರ ಮಾಡಿದೆ. ನನ್ನ ಹೆಸರು ಬರದಿದ್ದರೂ ಚಿಂತೆಯಿಲ್ಲ. ಆ ಹೆಸರು ಇಳಿಯಬೇಕು. ಎಲ್ಲರ ಎದುರಿಗೆ, ಅವನ ಕೈಯಿಂದಲೇ. ಬೋರ್ಡನ್ನು ಕೆಡಿಸುವ ಯೋಚನೆ ಬರಲಿಲ್ಲ ಅಂತಲ್ಲ, ಬಂತು, ಬೇಡ ಅನ್ನಿಸಿತು. ನನ್ನ ಕೆಲಸವನ್ನು ನಾನೇ ಯಾಕೆ ಕೆಡಿಸಲಿ? ಸಾಕೆಟ್ಟು ಆರಿಸಿದವರಿಗೆ ಸಾಕೆಟ್ಟೇ ಬುದ್ಧಿ ಕಲಿಸುತ್ತೆ. ಅಲ್ಲಿಂದ ಮುಂದೆ ಮಂದಿರಕ್ಕೆ ಹೋಗುವಾಗಲೆಲ್ಲ ಪ್ರೋಗ್ರಾಮರೂ ನನ್ನದೊಂದು ಫ್ಲಾಪಿಯೂ ಚೀಲದಲ್ಲಿರುತ್ತಿದ್ದವು.

ಜ್ಯೇಷ್ಠದ ಏಕಾದಶಿ ಬಂತು. ಬಿಸಿಲು ಇನ್ನೂ ಇಳಿದಿರಲಿಲ್ಲ. ಅಷ್ಟರವರೆಗಿನ ಸಮಯಗಳನ್ನು ಮಾತ್ರ ನಾನು ತುಂಬಿದ್ದೆ. ಅಲ್ಲಿಂದ ಮುಂದಿನದು ಗುರುರಾಜನ ಪಾಲು. ಮಂದಿರದ ಪಂಚಾಂಗವನ್ನು ಮನೆಗೆ ಒಯ್ದು ಟೈಪ್ ಮಾಡಿದ್ದನಂತೆ. ಏಕಾದಶಿ ಸಂಜೆ ನಡೆದದ್ದನ್ನು ನಾನೇ ಪಡಸಾಲೆಯಿಂದ ಕಣ್ಣಾರೆ ನೋಡಿದೆ. ಓಣಿಗೆ ಎರಡು ದಿನದಿಂದ ಲಾರಿ ಬಂದಿರಲಿಲ್ಲ, ಆದರೂ ಅವನಿಗೊಂದು ಬಿಂದಿಗೆ ಸಿಕ್ಕಿತು. ಉಟ್ಟ ಪಂಚೆಯ ಮೇಲೇ ನೀರು ಸುರಿದುಕೊಂಡು, ತೊಟ್ಟಿಕ್ಕುತ್ತಾ ಏಣಿ ಹತ್ತಿ, ಬೆರಳಲ್ಲೇ ಚಿಪ್ಪು ಕಿತ್ತ. ಪಡಸಾಲೆಗೆ ತಂದು ಲ್ಯಾಪ್‌ಟಾಪಿನ ಪಕ್ಕದ ಬರ್ನರಲ್ಲಿಟ್ಟು ತುಂಬಿದ. ವಾಪಸ್ಸು ಹೋಗುವಾಗ ಹೊಸಿಲಲ್ಲಿ ಆಚಾರ್ರು ತಡೆದರು.

"ಎಲ್ಲಿಗೆ? ಅದು ಹೊರಗೆ ಹೋಗಿ ಮೈಲಿಗೆ ಮುಟ್ಟಿ ಬಂದಿದೆ."

"ಚಿಪ್ಪು ಆಚಾರ್ರೇ."

"ಚಿಪ್ಪಾದರೇನು, ಚಮಚ ಆದರೇನು. ನಿಲ್ಲು." ಪಂಚಪಾತ್ರೆಯಿಂದ ಉದ್ಧರಣೆಯಲ್ಲಿ ನೀರು ತೆಗೆದು, ಮಂತ್ರ ಹೇಳಿ, ಚಿಪ್ಪಿನ ಮೇಲೆ ಚೆನ್ನಾಗಿ ಪ್ರೋಕ್ಷಣೆ ಮಾಡಿದರು. ಗುರುರಾಜ ಅದನ್ನು ಒದ್ದೆ ಪಂಚೆಯ ತುದಿಗೇ ತಿಕ್ಕಿ ಒರೆಸಿ, ಮೇಲೆ ಹತ್ತಿ, ಹೆಬ್ಬೆರಳಲ್ಲಿ ಒತ್ತಿದ. ಬೋರ್ಡು ಹೊತ್ತಿತು. ಎಲ್ಲರೂ ಕೈಮುಗಿದರು. ಇದರಲ್ಲಿ ನನ್ನ ಕೈವಾಡ ಏನೂ ಇರಲಿಲ್ಲ; ಒಂದು ಬೆರಳೂ ಎತ್ತಬೇಕಾಗಿರಲಿಲ್ಲ.

ಮರುದಿನ ದ್ವಾದಶಿ ಬೆಳಿಗ್ಗೆ ಅಜ್ಜಿಯನ್ನು ಕರಕೊಂಡು ಹೋದೆ. ನಾನು ಇಡ್ಲಿ ತಿಂದು ಬಂದಿದ್ದೆ, ಅವಳು ಹಿಂದಿನ ದಿನದಿಂದ ತೊಟ್ಟು ನೀರು ಮುಟ್ಟಿರಲಿಲ್ಲ. ಪಡಸಾಲೆ ತುಂಬ ಒಣಗಿದ ತುಟಿಗಳು. ಹಿಂದಿನಿಂದ ಅಗಸೆ ಸೊಪ್ಪಿನ ಪಲ್ಯದ ವಾಸನೆ. ಬೋರ್ಡಿನ ಕೆಳಸಾಲಿನಲ್ಲಿ ಪಾರಣೆ 9:14. ಇನ್ನೊಂದು ಪಂಚಾಂಗದ ಮುದುಕರೊಬ್ಬರು "ನಮ್ಮದರಲ್ಲಿ ಅಷ್ಟು ಹೊತ್ತು ಇಲ್ಲವಲ್ಲ" ಅಂದದ್ದಕ್ಕೆ ಶೇಷಗಿರಿ ಮಾಮ, "ನಿಮ್ಮ ಪಂಚಾಂಗ ನಿಮ್ಮನೇಲಿ ಸ್ವಾಮಿ, ಇಲ್ಲಿ ಬೋರ್ಡು" ಅಂತ ಬಾಯಿ ಮುಚ್ಚಿಸಿದರು. ಹೊತ್ತಿದೆಯಲ್ಲ ಅಂತ ದಾನಿಗಳ ಅಷ್ಟೋತ್ತರ ಒಂದಾದ ಮೇಲೊಂದು ನಡೆಯುತ್ತಿತ್ತು. ಗುರುರಾಜ ಮೂಲೆಯ ಮೇಜಿನಲ್ಲಿ ಲ್ಯಾಪ್‌ಟಾಪ್ ತೆರೆದು ದಾನಿಗಳ ಹೆಸರು ಟೈಪ್ ಮಾಡುತ್ತಿದ್ದ.

ಪೂಜೆ ನೋಡದವಳಿಗೆ ನೋಡೋಕೆ ಉಳಿದದ್ದು ಬೋರ್ಡೊಂದೇ. 7:35 ಆಗಿತ್ತು. ತುಂಬ ಹೊತ್ತು 7:35 ಇತ್ತು. ಆಮೇಲೆ ನೇರ 7:37. ಅದರ ನಂತರ 7:39, ಅದೂ ತುಂಬ ಹೊತ್ತು. 7:40 ಬಂದಾಗ ಸೊನ್ನೆಯ ಎಡಗಾಲೇ ಇಲ್ಲ.

ಹಿಂದಿನ ಸಂಜೆ ಗುರುರಾಜ ಹೆಬ್ಬೆರಳಲ್ಲಿ ಒತ್ತಿದ್ದು ನೆನಪಾಯಿತು. ಚಿಪ್ಪಿನ ಒಂದು ಕಾಲು ಮಡಚಿ ಹೊಟ್ಟೆಯ ಕೆಳಗೆ ಹೋಗಿದೆ. ಅದಕ್ಕೆ ಸೇರಿದ, ಎಡಗಡೆ ಕೆಳಗಿನ ಪಟ್ಟಿ ಯಾವ ಅಂಕಿಯಲ್ಲೂ ಹೊತ್ತುತ್ತಿಲ್ಲ. ಆ ಪಟ್ಟಿ ಹೋದರೆ ಆರು ಐದರ ಹಾಗೆ ಕಾಣುತ್ತೆ. ಎಂಟು, ಒಂಬತ್ತರ ಹಾಗೆ.

ಕೆಳಸಾಲು ಇನ್ನೊಮ್ಮೆ ನೋಡಿದೆ. 9:14.

ಎದ್ದು ನಿಂತೆ. "ಮಾಮ, ಬೋರ್ಡು ತಪ್ಪು ತೋರಿಸ್ತಿದೆ."

"ಕೂತ್ಕೋಮ್ಮಾ. ಪೂಜೆ ನಡೀತಿದೆ."

"ಈಗ 7:45. ವಾಚ್ ಇರೋರೆಲ್ಲ ನೋಡ್ತಾ ಇರಿ. ಬೋರ್ಡು ನಲವತ್ತಾರು ತೋರಿಸಲ್ಲ."

ಬೇಸರಕ್ಕೋ ಕುತೂಹಲಕ್ಕೋ ನಾಲ್ಕಾರು ಜನ ಮಣಿಕಟ್ಟು ನೋಡಿಕೊಂಡರು. ನಿಮಿಷ ಕಳೆಯಿತು. "ನನ್ನದರಲ್ಲಿ ನಲವತ್ತಾರು" ಅಂದರು ಒಬ್ಬರು. "ನನ್ನದರಲ್ಲೂ." ಬೋರ್ಡು ನಲವತ್ತೈದರಲ್ಲೇ ನಿಂತಿತ್ತು. ಆಮೇಲೆ ನಲವತ್ತೇಳಕ್ಕೆ ಹಾರಿತು. ಪಡಸಾಲೆಯಲ್ಲಿ ಗುಸುಗುಸು ಎದ್ದಿತು.

ಯಾಕೆ ಅಂತ ಎರಡು ಮಾತಲ್ಲಿ ಹೇಳಿದೆ. "ಅಲ್ಲಿರೋ ಒಂಬತ್ತು ನಿಜವಾದ ಒಂಬತ್ತೂ ಆಗಿರಬಹುದು, ಕಾಲು ಮುರಿದ ಎಂಟೂ ಆಗಿರಬಹುದು. ಎಂಟಾದರೆ ನಿಮಗಿನ್ನು ಅರ್ಧ ಗಂಟೆಯೂ ಇಲ್ಲ."

ಆಚಾರ್ರು ಗಂಟೆ ಕೆಳಗಿಟ್ಟರು. "ಇನ್ನೂ ಮೂವರ ಅಷ್ಟೋತ್ತರ ಇದೆ. ಬರೀ ಅನುಮಾನಕ್ಕೆ ಪೂಜೆ ಮೊಟಕು ಮಾಡಕ್ಕಾಗಲ್ಲ. ಎಂಟೋ ಒಂಬತ್ತೋ, ಒಂದು ಹೇಳಿ."

ಎಲ್ಲರೂ ಗುರುರಾಜನ ಕಡೆ ತಿರುಗಿದರು. "ನೀನೇ ಟೈಪ್ ಮಾಡಿದ್ದಲ್ವಾ" ಅಂದೆ. "ಹೇಳು."

"ಇಡೀ ವರ್ಷದ್ದು ಒಟ್ಟಿಗೆ ಹೊಡೆದೆ. ಒಂದೊಂದು ನೆನಪಿರತ್ತಾ."

"ಪಂಚಾಂಗ? ಟೈಪ್ ಮಾಡಿದ ಫ್ಲಾಪಿ?"

"ಎರಡೂ ಮನೇಲಿ."

ಅವರ ಮನೆ ಆಗ ನಂಗನಲ್ಲೂರಿಗೆ ಹೋಗಿತ್ತು, ಹೋಗಿ ಬರೋಕೆ ಗಂಟೆಯ ಮೇಲೆ. ಮನೆಯವರೆಲ್ಲ ಇಲ್ಲೇ ಇದ್ದರು, ಆ ಪಂಚಾಂಗದ ಇನ್ನೊಂದು ಪ್ರತಿ ಓಣಿಯಲ್ಲಿ ಯಾರ ಹತ್ತಿರವೂ ಇರಲಿಲ್ಲ. "ಹೋಗಿ ಬನ್ನಿ ಮಾಮ" ಅಂದೆ, "ಹೊತ್ತಿದೆ ಅಂತಿದ್ದಿರಲ್ಲ." ಅದೇ ಉಸಿರಿಗೆ ಚೀಲದಿಂದ ಪ್ರೋಗ್ರಾಮರ್ ತೆಗೆದು ಮೇಜಿನ ಮೇಲಿಟ್ಟೆ. "ಇಲ್ಲಾಂದ್ರೆ ಚಿಪ್ಪನ್ನೇ ಕೇಳಬಹುದು. ಕಿತ್ತರೆ ಆ ಮಡಚಿದ ಕಾಲು ಮುರಿದು ಬರ್ನರೂ ಓದಲ್ಲ. ಅದರೊಳಗೇನಿದೆ ಅಂತ ಇದು ಓದತ್ತೆ. ಯಾರೂ ಏಣಿ ಹತ್ತಬೇಕಾಗಿಲ್ಲ, ಯಾರಿಗೂ ಮೈಲಿಗೆ ಇಲ್ಲ. ಕೇಬಲ್ಲು ಅವತ್ತಿಂದ ಇಲ್ಲೇ ಇದೆ."

"ಸರಿ, ಓದು. ಬೇಗ" ಅಂದರು ಮಾಮ.

"ಮೊದಲು ಆ ಹೆಸರು ತೆಗೀಲಿ."

ಶೇಷಗಿರಿ ಮಾಮ ಒಮ್ಮೆ ಆ ಪಟ್ಟಿ ನೋಡಿ ನನ್ನ ಕಡೆ ತಿರುಗಿದರು. "ಇದೇನು ಬ್ಲ್ಯಾಕ್‌ಮೇಲಾ?"

"ಷರತ್ತು. ಮಾಡಿದವನೇ ರಿಪೇರಿ ಮಾಡಲಿ. ಆಗಲ್ಲ ಅಂದ್ರೆ ಮಾಡಿದ್ದು ಅವನಲ್ಲ, ಹೆಸರು ಇಳೀಲಿ. ಎರಡರಲ್ಲಿ ಒಂದು."

"ಮೊದಲು ಇದು ಮುಗೀಲಿ, ಆಮೇಲೆ ಸಮಿತಿಯಲ್ಲಿ ಇಟ್ಟು..."

"ಆಮೇಲೆ ಇಲ್ಲ ಮಾಮ."

ಗುರುರಾಜ ಹಲ್ಲು ಕಚ್ಚಿ, "ವಯಸ್ಸಾದವರು ಉಪವಾಸ ಕೂತಿದ್ದಾರೆ, ಸ್ವಲ್ಪನಾದ್ರೂ ಕರುಣೆ ಬೇಡ್ವಾ?" ಅಂದ.

"ಅವರ ಮೇಲೆ ನಿನಗೆ ನನಗಿಂತ ಜಾಸ್ತಿ ಕರುಣೆ ಇದ್ರೆ ಇಷ್ಟು ಹೊತ್ತಿಗೆ ಏಣಿ ಮೇಲಿರ್ತಿದ್ದೆ."

ಆಗ ಅಜ್ಜಿ ಗೋಡೆ ಹಿಡಿದು ಎದ್ದಳು. ಎಲ್ಲರೂ ಅವಳು ನನ್ನನ್ನು ಗದರುತ್ತಾಳೆ ಅಂದುಕೊಂಡರು. ನಾನೂ. ಅವಳು ಶೇಷಗಿರಿ ಮಾಮನ ಮುಂದೆ ಹೋಗಿ, ಒಣಗಿದ ನಾಲಿಗೆಯಲ್ಲಿ ನಿಧಾನವಾಗಿ ಹೇಳಿದಳು: "ಲೋ ಶೇಷು, ಅವಳು ನನ್ನ ಮೊಮ್ಮಗಳು. ನಾನು ಹಟ ಹಿಡಿದ್ರೆ ಏನಾಗತ್ತೆ ಅಂತ ನಿಮ್ಮಪ್ಪನಿಗೆ ಗೊತ್ತಿತ್ತು. ನಿನ್ನ ಮಗನ ಹೆಸರು ತಿಂದು ನಂಗೆ ಹೊಟ್ಟೆ ತುಂಬಲ್ಲ. ಕೀಳಿಸು, ಸೀಕ್ರಂ, ಬೇಗ."

ಗುರುರಾಜ ಏಣಿ ಹತ್ತಿದ. ಈ ಸಲ ಮಡಿಯ ಮಾತನ್ನು ಆಚಾರ್ರೂ ಎತ್ತಲಿಲ್ಲ. ರೇಡಿಯಂ ಸ್ಟಿಕ್ಕರು ಸುಲಭಕ್ಕೆ ಬರುವುದಿಲ್ಲ, ಉಗುರಲ್ಲಿ ಕೆರೆದು ಒಂದೊಂದೇ ಅಕ್ಷರ ಎಬ್ಬಿಸಬೇಕು. ಮೊದಲು ಬಿ.ಇ. ಹೋಯಿತು. ಕೆಳಗೆ ಕೂತವರು ಹೇಳಿಕೊಡೋಕೆ ಶುರು ಮಾಡಿದರು: "ಮೂಲೆಯಿಂದ ಎಬ್ಬಿಸೋ." "ನೀರು ಹಚ್ಚು ಪಾ." "ಆ ಕೊಂಬು ಉಳೀತು ನೋಡು." ಯಾರಿಗೂ ಅವನ ಮೇಲೆ ಕೋಪವಿರಲಿಲ್ಲ, ಹಸಿವಿತ್ತು. ಹಸಿದವರ ಹಿತವಚನದಷ್ಟು ಕ್ರೂರವಾದದ್ದು ನಾನೇ ಕುಳಿತು ಯೋಚಿಸಿದ್ದರೂ ಹೊಳೆಯುತ್ತಿರಲಿಲ್ಲ. ಅವನ ಕಿವಿಗಳು ಬೋರ್ಡಿನಷ್ಟೇ ಕೆಂಪಾಗಿದ್ದವು.

ಕೊನೆಯ ಅಕ್ಷರ ಬಿದ್ದ ಮೇಲೆ ಅವನ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿಕೊಂಡೆ. ನನ್ನ ಫ್ಲಾಪಿ ಹಾಕಿ, ಅದರ ಪ್ರಿಂಟರ್ ಪೋರ್ಟಿಗೆ ಪ್ರೋಗ್ರಾಮರನ್ನೂ ಪ್ರೋಗ್ರಾಮರಿಗೆ ಕೇಬಲ್ಲಿನ ತುದಿಯನ್ನೂ ಸಿಕ್ಕಿಸಿ, ಓದು ಅಂದೆ. ಗರ್ಭಗುಡಿಯ ಮೇಲೆ ಬೋರ್ಡು ಪೂರ್ತಿ ಕತ್ತಲಾಯಿತು. ಯಾರೋ "ಅಯ್ಯೋ" ಅಂದರು. ಆ ಉದ್ದ ಕೇಬಲ್ಲಿನಲ್ಲಿ, ಆ ಆಮೆ ನಡಿಗೆಯಲ್ಲಿ, ಚಿಪ್ಪು ತನ್ನ ಹೊಟ್ಟೆಯೊಳಗಿದ್ದದ್ದನ್ನು ಒಂದೊಂದಾಗಿ ಒಪ್ಪಿಸುತ್ತಾ ಬಂತು. ಪರದೆಯ ತುಂಬ ಅಂಕಿಗಳು. ನನ್ನ ಪ್ರೋಗ್ರಾಂ ಅದು. ಯಾವ ಸಾಲಿನಲ್ಲಿ ಯಾವ ದ್ವಾದಶಿ ಅಂತ ಕಣ್ಣು ಮುಚ್ಚಿಯೂ ಹೇಳುತ್ತಿದ್ದೆ. ಬೆರಳಿಟ್ಟು ಲ್ಯಾಪ್‌ಟಾಪನ್ನು ಮಾಮನ ಕಡೆ ತಿರುಗಿಸಿದೆ. 08, ಪಕ್ಕದಲ್ಲಿ 14.

"ಎಂಟು ಹದಿನಾಲ್ಕು" ಅಂತ ಮಾಮ ಓದಿದರು. ಅವರ ದನಿ ಅವರಿಗೇ ಕೇಳಿಸಲಿಲ್ಲ. ಅಜ್ಜಿ ಜೋರಾಗಿ ಹೇಳಿದಳು.

ಉಳಿದ ಅಷ್ಟೋತ್ತರಗಳನ್ನು ಆಚಾರ್ರು ದೇವರ ಲೆಕ್ಕಕ್ಕೆ ಬಿಟ್ಟು ನೈವೇದ್ಯ, ಮಂಗಳಾರತಿ ಒಟ್ಟಿಗೇ ಮುಗಿಸಿದರು. ಎಲೆಗಳು ಓಡುತ್ತಾ ಬಿದ್ದವು. ತೀರ್ಥ ಬಾಯಿಗೆ ಬಿದ್ದಾಗ ಅಜ್ಜಿ ಕಣ್ಣು ಮುಚ್ಚಿಕೊಂಡಳು. ಗಡಿಯೊಳಗೆ ಎಲ್ಲರ ಪಾರಣೆಯೂ ಆಯಿತು. ಗುರುರಾಜ ಮಾತ್ರ ಬಡಿಸುವ ನೆವ ಹೇಳಿಕೊಂಡು ಹಿತ್ತಲಲ್ಲೇ ಉಳಿದ.

ನಡೆದದ್ದು ಸರಿಯೇ ಅಂತ ಆಮೇಲೆ ಅನೇಕರು ಕೇಳಿದ್ದಾರೆ. ವಿಷಯದ ವಿರುದ್ಧ ನಾನೇ ಮಾತಾಡಬಲ್ಲೆ: ಬಾಯಾರಿದವರನ್ನು ಒತ್ತೆ ಇಟ್ಟೆ, ದೇವರ ಮುಂದೆ ಚೌಕಾಸಿ ಮಾಡಿದೆ, ಒಂದು ಸ್ಟಿಕ್ಕರಿಗೆ ಇಷ್ಟು ರಂಪವೇ. ವಿಷಯದ ಪರವಾಗಿ ಇರುವುದು ಒಂದೇ ಮಾತು. ನಾನು ಬೀದಿಯಲ್ಲಿ ನಿಂತು ನಯವಾಗಿ ಕೇಳಿದಾಗ ನನಗೆ ಸಿಕ್ಕಿದ್ದು ಗೋತ್ರದ ಪಾಠ. ನಯಕ್ಕೆ ಬೆಲೆ ಕೊಡದವರಿಗೆ ನಾನು ಬೆಲೆಯನ್ನೇ ಕೇಳಿದೆ. ಎಷ್ಟು ಸಲ ತೂಗಿದರೂ ತಕ್ಕಡಿ ಆ ಕಡೆಗೇ ಇಳಿಯುತ್ತೆ, ನಾನೇನು ಮಾಡಲಿ.

ಮುಂದಿನ ವಾರ ಬೋರ್ಡು ಕೆಳಗಿಳಿಸಿ ತರಿಸಿದೆ. ಸಾಕೆಟ್ಟು ಕಿತ್ತು ಬಿಸಾಕಿ ಚಿಪ್ಪನ್ನು ನೇರ ಬೋರ್ಡಿಗೇ ಬೆಸೆದೆ. ಇನ್ನು ಅದನ್ನು ಯಾವ ಮಡಿವಂತನೂ ಕೀಳಲಾರ. ಸಮಯ ಬದಲಾಯಿಸಲು ಉಳಿದದ್ದು ಕೇಬಲ್ಲೊಂದೇ, ಕೇಬಲ್ಲಿಗೆ ಹೊಂದುವ ಪ್ರೋಗ್ರಾಮರ್ ನನ್ನದೊಂದೇ. ನಿನ್ನ ಹೆಸರು ಹಾಕೋಣಮ್ಮಾ ಅಂತ ಸಮಿತಿಯವರು ಬಂದರು, ಆ ಕಪ್ಪು ಪಟ್ಟಿಯನ್ನಾದರೂ ತೆಗೆಸೋಣ ಅಂತಲೂ ಅಂದರು. ಬೇಡ, ಖಾಲಿ ಇರಲಿ ಅಂದೆ. ದೊಡ್ಡ ಮನಸ್ಸು ಅಂತ ಹೊಗಳಿ ಹೋದರು. ಹೊಗಳಲಿ. ಹೆಸರಿದ್ದರೆ ಜನ ಓದಿ ಮರೆಯುತ್ತಾರೆ.

ಅಲ್ಲಿಂದ ಪ್ರತಿ ಯುಗಾದಿಗೂ ನನಗೆ ಫೋನು ಬರುತ್ತೆ. ಫೋನು ಬಂದ ದಿನ ನಾನು ಹೋಗುವುದಿಲ್ಲ. ಮೂರನೇ ಫೋನಿಗೆ ಹೋಗುತ್ತೇನೆ. ಈಗ ಶೇಷಗಿರಿ ಮಾಮನಿಗೆ ಕಣ್ಣು ಸರಿಯಿಲ್ಲ, ಕಾರ್ಯದರ್ಶಿ ಕೆಲಸ ಗುರುರಾಜನದು. ಪಡಸಾಲೆಯಲ್ಲಿ ನನಗೆ ಕುರ್ಚಿ ಹಾಕಿಸುತ್ತಾನೆ. ಕನೆಕ್ಟರು ಸವೆದು ಸಡಿಲವಾಗಿದೆ. ಪ್ರೋಗ್ರಾಂ ಹೋಗುವಷ್ಟು ಹೊತ್ತು ಯಾರಾದರೂ ಒತ್ತಿ ಹಿಡಿದಿರಬೇಕು. ಹೊಸದು ಹಾಕೋದು ಹತ್ತು ನಿಮಿಷದ ಕೆಲಸ, ನಾನು ಹಾಕಿಲ್ಲ. ಗುರುರಾಜ ಬಗ್ಗಿ ನಿಂತು ಹಿಡಿಯುತ್ತಾನೆ.

ಈ ವರ್ಷ ಹೋದಾಗ ಅವನ ಹೆಂಡತಿಯೂ ಬಂದಿದ್ದಳು. ಹೋದ ಮಾಘದಲ್ಲಿ ಮದುವೆ, ಧಾರವಾಡದ ಕಡೆಯ ಹುಡುಗಿ, ಕಂಡದ್ದನ್ನೆಲ್ಲ ಕೇಳುವ ಸ್ವಭಾವ. ಕಾಫಿ ತಂದು ನನ್ನ ಕೈಗೆ ಕೊಟ್ಟು, ಬೋರ್ಡಿನ ಕಡೆ ಕತ್ತೆತ್ತಿ ನೋಡಿದಳು. "ಅಕ್ಕಾ, ಅಲ್ಲಿ ಕೆಳಗ ಕರೀ ಪಟ್ಟಿ ಅದಲ್ಲ, ಅದರ ಮ್ಯಾಲೆ ಏನೋ ಅಂಟಿಸಿ ಕಿತ್ತಂಗದ. ಮೊದಲ ಏನಿತ್ತರೀ ಅಲ್ಲೆ?"

ಪ್ರೋಗ್ರಾಂ ಆಗಲೇ ಹೋಗಿ ಮುಗಿದಿತ್ತು. ನಾನು ವೆರಿಫೈ ಒತ್ತಿದೆ: ಕಳಿಸಿದ್ದನ್ನೆಲ್ಲ ಚಿಪ್ಪಿನಿಂದ ಮತ್ತೆ ಓದಿ ತಾಳೆ ನೋಡೋದು, ಅಷ್ಟೇ ಹೊತ್ತು ಹಿಡಿಯುತ್ತೆ.

"ನಿಮ್ಮ ಯಜಮಾನರನ್ನೇ ಕೇಳಿ" ಅಂದೆ. "ಇದು ಮುಗಿಯೋವರೆಗೂ ಅವರು ಎಲ್ಲೂ ಹೋಗಲ್ಲ."